ಗುಡ್ಡದ ಮೇಲಿನ ಚುಕ್ಕಿ

ಬೆಂಗಳೂರಿನಲ್ಲಿ ಹೊಸದಾಗಿ ಸಾಫ್ಟ್‌ವೇರ್ ತಂಡ ಕಟ್ಟುವವರು ಕುರ್ಚಿ ಮೇಜಿಗೆ ನಾಲ್ಕು ಕಡೆ ವಿಚಾರಿಸುತ್ತಾರೆ, ಕೆಲಸದ ಲೆಕ್ಕ ಇಡುವ ಸಾಫ್ಟ್‌ವೇರ್ ಬಗ್ಗೆ ಯಾರನ್ನೂ ಕೇಳುವುದಿಲ್ಲ. ‘ಜಿರಾ ತಗೊಳ್ಳೋಣ’ ಎಂದು ಒಬ್ಬರು ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕೆಲಸ ಹುಡುಕುವ ಹುಡುಗರು ಅದನ್ನೊಂದು ವಿದ್ಯೆಯೆಂಬಂತೆ ರೆಸ್ಯೂಮೆಯಲ್ಲಿ ಬರೆದುಕೊಳ್ಳುತ್ತಾರೆ. ಇಷ್ಟು ದೊಡ್ಡ ಹೆಸರು ಅದಕ್ಕೆ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಬೇಸ್‌ಕ್ಯಾಂಪ್ ಎಂಬ ಇನ್ನೊಂದು ಸಾಫ್ಟ್‌ವೇರ್ 2018ರಲ್ಲಿ ‘ಹಿಲ್ ಚಾರ್ಟ್’ ಎಂಬ ಸಣ್ಣ ಚಿತ್ರವೊಂದನ್ನು ತಂದಿತು. ನಮ್ಮಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ತಂಡದ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಜಿರಾದ ಎಲ್ಲ ವರದಿಗಳಿಗಿಂತ ಆ ಒಂದು ಚಿತ್ರ ಹೆಚ್ಚು ನಿಜವಾಗಿ ಹೇಳುತ್ತದೆ.

ಗ್ಯಾಂಟ್ ಪಟ್ಟಿ, ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಚೀಟಿ, 2001ರ ಅಜೈಲ್ ಪ್ರಣಾಳಿಕೆ ಇವೆಲ್ಲ ಈ ಕಸುಬಿನವರಿಗೆ ಗೊತ್ತಿರುವ ಕತೆ. ಜಿರಾದ ಹುಟ್ಟನ್ನು ಮಾತ್ರ ನೆನಪಿಸಬೇಕು, ಯಾಕೆಂದರೆ ಅದರ ಊನ ಹುಟ್ಟಿನಲ್ಲೇ ಇದೆ. ಸಿಡ್ನಿಯ ಅಟ್ಲಾಸಿಯನ್ ಕಂಪನಿ 2002ರಲ್ಲಿ ಅದನ್ನು ತಂದದ್ದು ಬಗ್‌ಗಳ ಲೆಕ್ಕ ಇಡುವುದಕ್ಕೆ. ಅವರು ಮೊದಲು ಬಳಸುತ್ತಿದ್ದುದು ಮೊಜಿಲ್ಲಾದ ಬಗ್‌ಜಿಲ್ಲಾ. ಅದೇ ಧಾಟಿಯಲ್ಲಿ ಗಾಡ್ಜಿಲ್ಲಾದ ಜಪಾನಿ ಹೆಸರು ‘ಗೊಜಿರಾ’ವನ್ನು ಎತ್ತಿಕೊಂಡು ಮೊದಲ ಅಕ್ಷರ ಬಿಟ್ಟು ‘ಜಿರಾ’ ಎಂದಿಟ್ಟರು. ಬಗ್ ಎಂಬುದು ಕಣ್ಣಿಗೆ ಬಿದ್ದ ಮೇಲೆ ಬರೆದಿಡುವ ವಸ್ತು. ಯಾರೋ ಗುಂಡಿ ಒತ್ತಿದರು, ಪರದೆ ಖಾಲಿಯಾಯಿತು. ಅದಕ್ಕೊಂದು ನಂಬರ್ ಕೊಟ್ಟು, ಒಬ್ಬರ ಹೆಸರಿಗೆ ಹಾಕಿ, ಸರಿಹೋದ ಮೇಲೆ ಮುಚ್ಚಬಹುದು. ಈ ಕೆಲಸಕ್ಕೆ ಜಿರಾ ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಹೇಗೆ ಮಾಡಬೇಕೆಂದು ಇನ್ನೂ ಯಾರಿಗೂ ತಿಳಿಯದ ಕೆಲಸವನ್ನೂ ಅದೇ ಅಚ್ಚಿಗೆ ಹೊಯ್ಯತೊಡಗಿದಾಗ ತೊಂದರೆ ಶುರುವಾಯಿತು.

ಜಿರಾದ ಒಂದು ಟಿಕೆಟ್ ತೆರೆದು ನೋಡಿ. ಎದ್ದು ಕಾಣುವ ಒಂದು ಬಣ್ಣದ ಗುಂಡಿ, ಅದರೊಳಗೆ ಸ್ಟೇಟಸ್. ಮೊದಲಿಗೆ ಸಿಗುವ ಸ್ಟೇಟಸ್ ಮೂರು. ಟು ಡೂ, ಇನ್ ಪ್ರೋಗ್ರೆಸ್, ಡನ್. ಸಾಲದಿದ್ದರೆ ನಿಮಗೆ ಬೇಕಾದಷ್ಟು ಸೇರಿಸಿಕೊಳ್ಳಬಹುದು. ಯಾವುದರಿಂದ ಯಾವುದಕ್ಕೆ ಹೋಗಬಹುದು, ಯಾರು ಒಯ್ಯಬಹುದು, ಒಯ್ಯುವ ಮುನ್ನ ಯಾವ ಖಾನೆ ತುಂಬಿರಬೇಕು ಎಂದೆಲ್ಲ ನಿಯಮ ಕಟ್ಟಬಹುದು. ಜಿರಾದ ಖ್ಯಾತಿ ನಿಂತಿರುವುದೇ ಈ ಸ್ವಾತಂತ್ರ್ಯದ ಮೇಲೆ. ಆದರೆ ಹೊಸ ಸ್ಟೇಟಸ್ ಸೇರಿಸುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ. ಇದು ಯಾವ ವರ್ಗಕ್ಕೆ ಸೇರಿದ್ದು? ವರ್ಗಗಳು ಮೂರೇ. ಟು ಡೂ ಬೂದು, ಇನ್ ಪ್ರೋಗ್ರೆಸ್ ನೀಲಿ, ಡನ್ ಹಸಿರು. ನಾಲ್ಕನೆಯದನ್ನು ಸೇರಿಸಲು ಅಡ್ಮಿನ್‌ಗೂ ದಾರಿಯಿಲ್ಲ. ಎಪಿಕ್ ಎಂದು ಕರೆಯುವ ದೊಡ್ಡ ಕೆಲಸ ಎಷ್ಟು ಮುಂದೆ ಹೋಗಿದೆ ಎಂದು ಪಟ್ಟಿ ತೋರಿಸುವಾಗ ಜಿರಾ ಎಣಿಸುವುದು ಈ ಮೂರು ಬಣ್ಣಗಳನ್ನೇ. ‘ದಾರಿ ಹುಡುಕುತ್ತಿದ್ದೇವೆ’ ಎಂಬ ಸ್ಟೇಟಸ್ ಮಾಡಿದರೂ ಅದು ನೀಲಿ, ‘ದಾರಿ ಸಿಕ್ಕಿದೆ, ನಡೆಯುತ್ತಿದ್ದೇವೆ’ ಎಂದು ಮಾಡಿದರೂ ನೀಲಿ. ಮೇಲಿನವರು ನೋಡುವ ಪಟ್ಟಿಯಲ್ಲಿ ಎರಡೂ ಒಂದೇ.

ಈ ಎರಡು ನೀಲಿಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದಕ್ಕೆ ನಾನು ಕಂಡದ್ದನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ತಂಡದಲ್ಲಿದ್ದೆ. ಯಾವ ಕಂಪನಿ, ಯಾವ ಬೋರ್ಡು ಎಂಬುದು ಮುಖ್ಯವಲ್ಲ, ಮೂರು ಕಾಲಂಗಳ ಬೋರ್ಡು ಎಲ್ಲ ಕಡೆಯೂ ಒಂದೇ. ಗಿರಾಕಿಯ ಹೆಸರು ಬಿಲ್ಲಿನಲ್ಲಿ ಕನ್ನಡದಲ್ಲಿ ಬರಬೇಕು ಎಂಬ ಟಿಕೆಟ್ ನನ್ನ ಪಾಲಿಗೆ ಬಂತು. ಎರಡು ದಿನದ ಕೆಲಸ ಎಂದು ಬರೆದೆವು. ಮೊದಲ ದಿನವೇ ಗೊತ್ತಾಯಿತು, ಆ ಪುಟ್ಟ ಥರ್ಮಲ್ ಪ್ರಿಂಟರಿನ ಅಕ್ಷರಪಟ್ಟಿಯಲ್ಲಿ ಕನ್ನಡವೇ ಇಲ್ಲ, ಕಳಿಸಿದ್ದೆಲ್ಲ ಕಸವಾಗಿ ಬರುತ್ತದೆ. ಸರಿ, ಹೆಸರನ್ನು ಚಿತ್ರವಾಗಿ ಬರೆದು ಕಳಿಸೋಣ ಎಂದುಕೊಂಡೆ. ಚಿತ್ರ ಬಂತು, ಆದರೆ ‘ಲಕ್ಷ್ಮಮ್ಮ’ ಎಂಬ ಹೆಸರು ಒಡೆದು ಬಂತು. ಒತ್ತಕ್ಷರಗಳು ಕೆಳಗಿಳಿಯದೆ ಸಾಲಾಗಿ ನಿಂತಿದ್ದವು, ಅವುಗಳ ಹಿಂದಿನ ಅಕ್ಷರಗಳ ತಲೆಯ ಮೇಲೆ ಅರ್ಧಾಕ್ಷರದ ಗುರುತಿತ್ತು. ಚಿತ್ರ ಬರೆಯುವ ಲೈಬ್ರರಿಗೆ ಅಕ್ಷರ ಜೋಡಿಸುವ ವಿದ್ಯೆ ಇರಲಿಲ್ಲ. ಅದನ್ನು ಮಾಡುವುದು ಹಾರ್ಫ್‌ಬಜ್ ಎಂಬ ಬೇರೆಯದೇ ತಂತ್ರಾಂಶ ಎಂದು ತಿಳಿಯುವ ಹೊತ್ತಿಗೆ ಆರನೆಯ ದಿನ. ಅಲ್ಲಿಂದ ಮುಂದಿನದು ಒಂದೂವರೆ ದಿನದ ಕೆಲಸ. 384 ಚುಕ್ಕಿಗಳ ಅಗಲಕ್ಕೆ ಹೆಸರನ್ನು ಹೊಂದಿಸಿದೆ, ಕೆಳಗೆ ಕತ್ತರಿಸಿಹೋಗುತ್ತಿದ್ದ ಒತ್ತುಗಳಿಗಾಗಿ ಸಾಲಿನ ಎತ್ತರ ಹೆಚ್ಚಿಸಿದೆ, ಮುಗಿಯಿತು.

ಆ ಅಷ್ಟೂ ದಿನ ನನ್ನ ಟಿಕೆಟ್ ಒಂದೇ ಕಾಲಂನಲ್ಲಿತ್ತು. ಬೆಳಿಗ್ಗೆ ಸ್ಟ್ಯಾಂಡ್‌ಅಪ್‌ನಲ್ಲಿ ಮ್ಯಾನೇಜರ್ ಕೇಳುತ್ತಿದ್ದರು, ‘ಎಲ್ಲಿಗೆ ಬಂತು?’ ನಾನು ಹೇಳುತ್ತಿದ್ದೆ, ‘ನಡೀತಾ ಇದೆ ಸರ್.’ ಇನ್ ಪ್ರೋಗ್ರೆಸ್ ಎಂಬ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಸರಿಯಾದ ಅನುವಾದವಿಲ್ಲ. ಮೂರನೆಯ ದಿನ ಹೇಳಿದ ‘ನಡೀತಾ ಇದೆ’ಯಲ್ಲಿ ಈ ಕೆಲಸ ಆಗುತ್ತದೋ ಇಲ್ಲವೋ ಎಂಬುದೇ ನನಗೆ ಗೊತ್ತಿರಲಿಲ್ಲ. ಏಳನೆಯ ದಿನ ಹೇಳಿದ್ದರಲ್ಲಿ ನಾಳೆ ಸಂಜೆಗೆ ಮುಗಿಯುತ್ತದೆಂದು ಖಚಿತವಾಗಿ ಗೊತ್ತಿತ್ತು. ಎರಡೂ ದಿನ ನಾನು ಸುಳ್ಳು ಹೇಳಲಿಲ್ಲ. ನಿಜ ಹೇಳುವುದಕ್ಕೆ ಬೋರ್ಡಿನಲ್ಲಿ ಜಾಗವಿರಲಿಲ್ಲ. ಮೂರನೆಯ ದಿನವೇ ಆ ಅನುಮಾನ ಹೊರಗೆ ಬಂದಿದ್ದರೆ, ಎರಡು ಮೇಜಿನಾಚೆ ಕೂತು ಫಾಂಟ್‌ಗಳ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದ ಗೆಳೆಯ ಅರ್ಧ ಗಂಟೆಯಲ್ಲಿ ದಾರಿ ತೋರಿಸುತ್ತಿದ್ದ.

ಹಿಲ್ ಚಾರ್ಟ್ ಈ ಜಾಗವನ್ನು ಮಾಡಿಕೊಡುತ್ತದೆ. ಪರದೆಯ ಮೇಲೆ ಒಂದು ಗುಡ್ಡದ ಗೆರೆ. ಎಡಗಡೆ ಏರು, ಬಲಗಡೆ ಇಳಿಜಾರು. ಏರಿನಲ್ಲಿರುವ ಕೆಲಸ ಇನ್ನೂ ಬಗೆಹರಿಯಬೇಕಾದದ್ದು, ಇಳಿಜಾರಿನಲ್ಲಿರುವುದು ಬಗೆಹರಿದು ಮಾಡಿ ಮುಗಿಸಬೇಕಾದದ್ದು. ಕೆಲಸಗಳ ಒಂದೊಂದು ಪಟ್ಟಿಗೂ ಒಂದು ಚುಕ್ಕಿ. ಆ ಚುಕ್ಕಿಯನ್ನು ಸರಿಸುವುದು ಕೆಲಸ ಮಾಡುವವರ ಕೈ. ಪಟ್ಟಿಯಲ್ಲಿ ಹತ್ತರಲ್ಲಿ ಎಂಟು ಮುಗಿದವೆಂದು ಚುಕ್ಕಿ ತಾನಾಗಿ ಮುಂದೆ ಹೋಗುವುದಿಲ್ಲ. ಈ ಚಿತ್ರದ ಮುಖ್ಯ ಗುಣ ನನಗೆ ಕಾಣುವುದು ಇಲ್ಲೇ. ಎಣಿಕೆಯಿಂದ ಬರುವ ಶೇಕಡಾ ಲೆಕ್ಕ ಸರಿಯಾಗಬೇಕಾದರೆ ಮಾಡಬೇಕಾದ ಕೆಲಸವೆಲ್ಲ ಮೊದಲೇ ಪಟ್ಟಿಯಲ್ಲಿರಬೇಕು. ಅರ್ಧ ಕೆಲಸ ಕೈ ಹಾಕಿದ ಮೇಲೆ ಹುಟ್ಟುವಂಥದು. ನನ್ನ ಟಿಕೆಟ್‌ನಲ್ಲಿ ‘ಹಾರ್ಫ್‌ಬಜ್ ಸೇರಿಸು’ ಎಂಬ ಸಾಲು ಮೊದಲ ದಿನ ಇರಲು ಸಾಧ್ಯವೇ ಇರಲಿಲ್ಲ.

ಚುಕ್ಕಿ ಇದ್ದ ಹಳೆಯ ಜಾಗಗಳನ್ನೂ ಬೇಸ್‌ಕ್ಯಾಂಪ್ ಉಳಿಸಿಕೊಳ್ಳುತ್ತದೆ, ಸರಿಸಿದಾಗ ಒಂದು ಟಿಪ್ಪಣಿ ಬರೆಯಬಹುದು. ಎರಡು ವಾರ ಅಲುಗದ ಚುಕ್ಕಿ ಯಾರನ್ನೂ ದೂರದೆ ‘ಇಲ್ಲಿ ಸಿಕ್ಕಿಕೊಂಡಿದ್ದೇವೆ’ ಎನ್ನುತ್ತದೆ. ಹಿಂದೆ ಜಾರಿದ ಚುಕ್ಕಿಯ ಬಗ್ಗೆ ಈ ಪದ್ಧತಿಯನ್ನು 2019ರಲ್ಲಿ ಪುಸ್ತಕವಾಗಿ ಬರೆದ ರಯಾನ್ ಸಿಂಗರ್ ಒಂದು ಒಳ್ಳೆಯ ಮಾತು ಹೇಳುತ್ತಾರೆ. ಅದು ಹೆಚ್ಚಾಗಿ ತಲೆಯಲ್ಲೇ ಗುಡ್ಡ ಹತ್ತಿ ಕೈಯಿಂದ ಇನ್ನೂ ಹತ್ತದವರ ಚುಕ್ಕಿಯಂತೆ. ಜಿರಾ ಬೋರ್ಡಿನಲ್ಲಿ ಬಲದಿಂದ ಎಡಕ್ಕೆ ಬಂದ ಟಿಕೆಟ್ ಒಂದು ಸೋಲು. ಗುಡ್ಡದಲ್ಲಿ ಹಿಂದೆ ಬಂದ ಚುಕ್ಕಿ ಒಂದು ಸುದ್ದಿ. ಘಾಟಿಯ ಹಾದಿ ನಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ನೆತ್ತಿ ಮುಟ್ಟುವ ತನಕ ಆಚೆಯ ಇಳಿಜಾರು ಎಷ್ಟು ಉದ್ದವೆಂದು ಯಾರೂ ಹೇಳಲಾರರು.

ಈ ಸಾಫ್ಟ್‌ವೇರ್‌ಗಳ ಬಗ್ಗೆ ಬರೆಯುವವರು ಈ ಗುಡ್ಡವನ್ನು ಯಾಕೆ ಕಾಣಲಿಲ್ಲ? ಬಹುಪಾಲು ಜನ ಮಾಡುವುದು ಕೋಷ್ಟಕ. ಎಡಗಡೆ ಜಿರಾ, ಅಸಾನಾ, ಟ್ರೆಲ್ಲೊ, ಬೇಸ್‌ಕ್ಯಾಂಪ್ ಎಂಬ ಹೆಸರು, ಮೇಲ್ಗಡೆ ಸೌಲಭ್ಯಗಳ ಸಾಲು, ನಡುವೆ ಸರಿ ತಪ್ಪಿನ ಗುರುತು. ಈ ಲೆಕ್ಕದಲ್ಲಿ ಜಿರಾ ಗೆಲ್ಲಲೇಬೇಕು, ಯಾಕೆಂದರೆ ಎಲ್ಲಕ್ಕಿಂತ ಹೆಚ್ಚು ಸೌಲಭ್ಯ ಇರುವುದು ಅದಕ್ಕೇ. ಹಿಲ್ ಚಾರ್ಟ್ ಅಲ್ಲಿ ಒಂದು ಸಣ್ಣ ಖಾನೆ, ಅದೂ ‘ವರದಿಗಳು’ ಎಂಬ ತಲೆಬರಹದ ಕೆಳಗೆ. ಪಾತ್ರೆಗಳನ್ನು ಎಣಿಸಿ ಅಡುಗೆಯ ರುಚಿ ತೀರ್ಮಾನಿಸಿದ ಹಾಗೆ ಇದು.

ಅವರಿಗಿಂತ ನನ್ನನ್ನು ಹೆಚ್ಚು ಕಾಡುವವರು ಇನ್ನೊಂದು ಗುಂಪಿನವರು, ಬುದ್ಧಿವಂತರು. ಜಿರಾ ಬಗ್ಗೆ ಯಾರು ಏನೇ ದೂರಿದರೂ ಅವರ ಉತ್ತರ ಒಂದೇ. ತಪ್ಪು ಉಪಕರಣದ್ದಲ್ಲ, ನೀವು ಅದನ್ನು ಕಟ್ಟಿಕೊಂಡ ರೀತಿಯದು. ಈ ವಾದಕ್ಕೆ ಸೋಲೇ ಇಲ್ಲ, ಅದಕ್ಕೇ ಅದನ್ನು ನಂಬಬಾರದು. ಮೂರೇ ವರ್ಗಗಳ ನಿಯಮವನ್ನು ಯಾವ ಅಡ್ಮಿನ್ ಕಟ್ಟಿದ್ದು? ಯಾವ ಅಡ್ಮಿನ್ ಬದಲಿಸಬಲ್ಲ? ಕಾಗದದ ಮೇಲಿನ ಕಾಲಂಗಳು ನಿರಪರಾಧಿಗಳು ಎಂಬ ಮಾತನ್ನು ಕರ್ನಾಟಕದ ಹಳ್ಳಿಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಪಹಣಿಯ 9ನೇ ಕಲಂನಲ್ಲಿ ಒಡೆಯರ ಹೆಸರು, 12ನೇ ಕಲಂನಲ್ಲಿ ಸಾಗುವಳಿಯ ವಿವರ. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ನಿಂತಾಗ ಆ 12ನೇ ಕಲಂನಲ್ಲಿ ಹೆಸರಿದೆಯೇ ಎಂಬುದು ಎಷ್ಟು ದೊಡ್ಡ ಪ್ರಶ್ನೆಯಾಗಿತ್ತು! ಉತ್ತ ಕೈ ಒಂದು, ಕಲಂ ಹೇಳುವುದು ಇನ್ನೊಂದು ಆದಾಗ ಏನಾಗುತ್ತದೆಂದು ನಮ್ಮ ಹಿರಿಯರು ಕಂಡಿದ್ದಾರೆ. ನಮೂನೆಯಲ್ಲಿ ಜಾಗವಿಲ್ಲದ ನಿಜ ಕಚೇರಿಯ ಮಟ್ಟಿಗೆ ಇಲ್ಲದ ನಿಜ. ಟಿಕೆಟ್‌ಗೂ ಇದೇ ಮಾತು.

ಅದೇ ಗುಂಪಿನವರ ಇನ್ನೊಂದು ಸಲಹೆ, ಅಂದಾಜನ್ನು ಸರಿಯಾಗಿ ಕಟ್ಟಿ ಎಂಬುದು. ಸ್ಟೋರಿ ಪಾಯಿಂಟ್ ಹಾಕಿ, ಸ್ಪ್ರಿಂಟಿನಿಂದ ಸ್ಪ್ರಿಂಟಿಗೆ ಹೋಲಿಸಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಆ ಸ್ಟೋರಿ ಪಾಯಿಂಟನ್ನು ಹುಟ್ಟುಹಾಕಿದ್ದು ಬಹುಶಃ ತಾನೇ ಎನ್ನುವ ರಾನ್ ಜೆಫ್ರಿಸ್ ಈಗ ಅದಕ್ಕಾಗಿ ವಿಷಾದ ಪಡುತ್ತಾರೆ ಎಂಬುದನ್ನು ಇವರು ಮರೆತಿದ್ದಾರೆ. ನಮ್ಮ ಹತ್ತಿರದ ಉದಾಹರಣೆಯೂ ಇದೆ. ಮೈಕ್ರೋಸಾಫ್ಟ್‌ನ ಒಂದು ನಿರ್ವಹಣಾ ತಂಡದ ಕೆಲಸ 2004ರ ಸುಮಾರಿಗೆ ಹೈದರಾಬಾದಿನಲ್ಲಿ ನಡೆಯುತ್ತಿತ್ತು. ಡೇವಿಡ್ ಆ್ಯಂಡರ್ಸನ್ 2010ರ ತಮ್ಮ ಕಾನ್‌ಬಾನ್ ಪುಸ್ತಕದಲ್ಲಿ ಅದರ ಕತೆ ಬರೆದಿದ್ದಾರೆ. ಬಂದ ಕೋರಿಕೆಗೆಲ್ಲ ಅಂದಾಜು ಕಟ್ಟುವುದೇ ಆ ತಂಡದ ಸಮಯದ ದೊಡ್ಡ ಪಾಲನ್ನು ನುಂಗುತ್ತಿತ್ತು. ಅಂದಾಜು ಕಟ್ಟುವುದನ್ನು ನಿಲ್ಲಿಸಿ, ಒಮ್ಮೆಗೆ ಕೈಗೆತ್ತಿಕೊಳ್ಳುವ ಕೆಲಸಕ್ಕೆ ಮಿತಿ ಹಾಕಿದ ಮೇಲೆ ತಂಡ ಚೇತರಿಸಿಕೊಂಡಿತು. ಅಲ್ಲಿ ಯಾರೂ ಹೆಚ್ಚು ನಿಖರವಾದ ಅಂದಾಜಿನಿಂದ ಉದ್ಧಾರವಾಗಲಿಲ್ಲ.

ಬೇಸ್‌ಕ್ಯಾಂಪ್‌ನ ಕೊರತೆಗಳನ್ನೂ ಹೇಳಬೇಕು. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗಬಾರದು ಎಂಬಂಥ ಸಂಬಂಧಗಳನ್ನು ಅದರಲ್ಲಿ ಕಟ್ಟಿ ತೋರಿಸಲಾಗದು. ಬ್ಯಾಂಕಿಗೋ ವೈದ್ಯಕೀಯ ಉಪಕರಣಕ್ಕೋ ಸಾಫ್ಟ್‌ವೇರ್ ಬರೆಯುವವರಿಗೆ ಯಾವ ಬದಲಾವಣೆಯನ್ನು ಯಾರು ಯಾವಾಗ ಒಪ್ಪಿದರೆಂಬ ದಾಖಲೆ ಬೇಕು, ಅಂಥವರು ಜಿರಾ ಬಿಡುವ ಹಾಗಿಲ್ಲ. ಹೆದರಿದ ತಂಡ ಚುಕ್ಕಿಯನ್ನೂ ಸೋಮವಾರಕ್ಕೊಮ್ಮೆ ಸುಮ್ಮನೆ ಮುಂದಕ್ಕೆ ತಳ್ಳಬಹುದು. ಉಳಿದವುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಟ್ರೆಲ್ಲೊ ಕಣ್ಣಿಗೆ ಹಿತ, ಕೈಗೆ ಸುಲಭ. 2017ರಲ್ಲಿ 42.5 ಕೋಟಿ ಡಾಲರಿಗೆ ಅದನ್ನು ಕೊಂಡದ್ದೂ ಅಟ್ಲಾಸಿಯನ್ನೇ. ಅಸಾನಾ ಸೊಗಸಾದ ಪಟ್ಟಿ. ದುಡ್ಡಿಲ್ಲದ ತಂಡಕ್ಕೆ ರೆಡ್‌ಮೈನ್ ನಿಜವಾದ ಉಪಕಾರ. ಆದರೆ ಅದರ ‘ಶೇಕಡಾ ಎಷ್ಟು ಮುಗಿದಿದೆ’ ಎಂಬ ಖಾನೆ ಹತ್ತು ಹತ್ತರ ಮೆಟ್ಟಿಲಲ್ಲಿ ಏರುತ್ತದೆ, ತೊಂಬತ್ತಕ್ಕೆ ಬಂದು ತಿಂಗಳುಗಟ್ಟಲೆ ನಿಂತ ಕೆಲಸಗಳನ್ನು ಆ ಖಾನೆ ತುಂಬಿದವರೆಲ್ಲ ಕಂಡಿದ್ದಾರೆ.

ಈಗ ನಾನಿರುವುದು ಆರು ಜನರ ತಂಡ. ಬಗ್‌ಗಳಿಗೆ ಎಲ್ಲರಂತೆ ಟಿಕೆಟ್ ಇಟ್ಟುಕೊಂಡಿದ್ದೇವೆ. ಹೊಸ ಕೆಲಸಕ್ಕೆ ಬೇಸ್‌ಕ್ಯಾಂಪ್ ಕೊಳ್ಳಲೂ ಇಲ್ಲ, ಗೋಡೆಯ ವೈಟ್‌ಬೋರ್ಡಿನ ಮೇಲೆ ಹಸಿರು ಮಾರ್ಕರಿನಲ್ಲಿ ಒಂದು ಗುಡ್ಡ ಬರೆದಿದ್ದೇವೆ. ಕಳೆದ ಸೋಮವಾರ ತಂಡದ ಕಿರಿಯ ಹುಡುಗಿ ಬೋರ್ಡಿನ ಹತ್ತಿರ ಹೋಗಿ, ನೆತ್ತಿಯಿಂದಾಚೆ ಇಳಿಜಾರಿನಲ್ಲಿದ್ದ ತನ್ನ ಚುಕ್ಕಿಯನ್ನು ಬೆರಳಿನಿಂದ ಒರೆಸಿ, ಏರಿನ ನಡುವೆ ಮತ್ತೆ ಬರೆದಳು. ‘ಮುಗಿದೇ ಹೋಯ್ತು ಅಂದ್ಕೊಂಡಿದ್ದೆ ಸರ್. ಹಳೇ ಫೈಲುಗಳಲ್ಲಿ ತಾರೀಕು ಎರಡು ಥರ ಇದೆ. ಕೆಲವದರಲ್ಲಿ ತಿಂಗಳು ಮೊದಲು, ಕೆಲವದರಲ್ಲಿ ದಿನ ಮೊದಲು. ಯಾವುದು ಯಾವುದು ಅಂತ ಹೇಗೆ ತಿಳ್ಕೊಳ್ಳೋದು ಗೊತ್ತಾಗ್ತಿಲ್ಲ.’ ಆ ಬೆಳಿಗ್ಗೆ ಮೀಟಿಂಗ್ ಹನ್ನೆರಡು ನಿಮಿಷ ನಡೆಯಿತು. ಅಷ್ಟೂ ಹೊತ್ತು ನಾವು ಆರೂ ಜನ ತಾರೀಕುಗಳ ಬಗ್ಗೆ ಮಾತಾಡಿದೆವು.