ಮುಟ್ಟಿ ಹೇಳಿದ ಅಜ್ಜಿ, ನೋಡಿ ಸುಮ್ಮನಿದ್ದ ಅಜ್ಜಿ

ಕನ್ನಡಕ್ಕೊಬ್ಬಳು ಪತ್ತೇದಾರ ಅಜ್ಜಿ ಬರಲೇ ಇಲ್ಲ ಎಂಬ ಕೊರಗು ಆಗಾಗ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ‘ಕೋಜಿ’ ಎಂದು ಕರೆಸಿಕೊಳ್ಳುವ ಕಥೆಗಳ ರುಚಿ ಹತ್ತಿದವರ ಕೊರಗು ಇದು. ಪುಟ್ಟ ಊರು, ಪರದೆಯ ಹಿಂದೆ ನಡೆದುಹೋಗುವ ಕೊಲೆ, ಗಂಡ ಸತ್ತ ಮೇಲೆ ಒಂಟಿಯಾಗಿ ಬಾಳುತ್ತಿರುವ ಚುರುಕು ಹೆಂಗಸು, ಅವಳಿಗಿಂತ ಸದಾ ಎರಡು ಹೆಜ್ಜೆ ಹಿಂದೆ ಇರುವ ಪೊಲೀಸಪ್ಪ. ಕೊರಗಿಗೆ ಸಮಾಧಾನವಾಗಿ ಓದಿಕೊಂಡವರು ತಟ್ಟನೆ ಒಂದು ಹೆಸರು ಹೇಳುತ್ತಾರೆ: ಮೂಕಜ್ಜಿ. ಹಳ್ಳಿ ಇದೆ, ಬಾಲವಿಧವೆ ಇದ್ದಾಳೆ, ಬಗೆಹರಿಸಬೇಕಾದ ರಹಸ್ಯಗಳಿವೆ, ಬೆರಗಾಗಲು ಮೊಮ್ಮಗನೊಬ್ಬನಿದ್ದಾನೆ, ಇನ್ನೇನು ಬೇಕು?

ಈ ಉತ್ತರದ ಮೇಲೇ ನನ್ನ ತಕರಾರು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು, 1977ರಲ್ಲಿ ಜ್ಞಾನಪೀಠ ತಂದಿತು. ಅದರ ಎತ್ತರವನ್ನು ಅಳೆಯುವ ಕೆಲಸ ನನ್ನದಲ್ಲ. ಆದರೆ ಅಜ್ಜಿ ‘ಕಂಡುಹಿಡಿಯುತ್ತಾಳೆ’ ಎಂಬ ಮಾತನ್ನು ಒರೆಗೆ ಹಚ್ಚದೆ ಒಪ್ಪಿಕೊಂಡು ಬಂದಿದ್ದೇವೆ. ಹಚ್ಚಿ ನೋಡಿದರೆ ನಾವು ಹೊಗಳಿದ ಭಾಗವೇ ಕಾದಂಬರಿಯ ಬಡವಾದ ಭಾಗ ಎಂದು ತೋರುತ್ತದೆ.

ಒರೆಗಲ್ಲು ನನಗೆ ಊರಲ್ಲೇ ಸಿಕ್ಕಿತು. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ಊರು. ಕಲ್ಲು ಕೊಯ್ದು, ಸಾಣೆ ಹಿಡಿದು, ಊರೂರಿಗೆ ಹೊತ್ತು ಮಾರುವುದು ಇಲ್ಲಿಯ ಕಸುಬು. ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಬೆಲೆ ಹೇಳುವವನ ಮಾತನ್ನು ಇಲ್ಲಿ ಮಕ್ಕಳೂ ನಂಬುವುದಿಲ್ಲ. ಬೆಳಕಿಗೆ ಹಿಡಿಯಬೇಕು, ತಿರುಗಿಸಬೇಕು, ಭೂತಗನ್ನಡಿ ಇಟ್ಟು ಒಳಗೆ ಹುಡುಕಬೇಕು. ಒಳಗೆ ದುಂಡನೆಯ ಗುಳ್ಳೆ ಕಂಡರೆ ಅದು ನೆಲ ಕೊಟ್ಟ ಕಲ್ಲಲ್ಲ, ಕುಲುಮೆ ಕೊಟ್ಟದ್ದು ಎಂಬ ಅನುಮಾನ ಏಳುತ್ತದೆ. ಮುಖ್ಯವಾದದ್ದು ಇಷ್ಟು: ನೋಡಿದವನು ಭೂತಗನ್ನಡಿಯನ್ನು ಪಕ್ಕದವನಿಗೆ ದಾಟಿಸುತ್ತಾನೆ, ‘ನೀನೂ ನೋಡು’ ಅನ್ನುತ್ತಾನೆ. ಪತ್ತೇದಾರಿ ಕಥೆಯ ಧರ್ಮವೂ ಇದೇ. ಬರಹಗಾರ ಸುಳಿವನ್ನು ಓದುಗನ ಕೈಗೂ ಕೊಡಬೇಕು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಾಗ, ದೈವ-ದೆವ್ವಗಳ ನೆರವನ್ನು ಪೂರ್ತಿ ಹೊರಗಿಟ್ಟದ್ದು ಅದಕ್ಕೇ. ದೇವರನ್ನು ನಂಬಿದ್ದ ಪಾದ್ರಿಗೂ ತನಿಖೆಯಲ್ಲಿ ದೇವರು ಬೇಡವಾಗಿದ್ದ.

ಈಗ ಮೂಕಜ್ಜಿಯ ಕೈ ನೋಡೋಣ. ಮೊಮ್ಮಗ ಸುಬ್ಬರಾಯ ಎಲ್ಲಿಂದಲೋ ಒಂದು ಹಳೆಯ ವಸ್ತು ತರುತ್ತಾನೆ, ಅಜ್ಜಿಯ ಅಂಗೈಗೆ ಇಡುತ್ತಾನೆ. ಅಜ್ಜಿ ಅದನ್ನು ಹಿಡಿಯುತ್ತಾಳೆ, ಒಳಗೊಳಗೇ ಎಲ್ಲಿಗೋ ಹೋಗುತ್ತಾಳೆ, ಸಾವಿರಾರು ವರ್ಷಗಳ ಹಿಂದಿನ ಜನ, ಅವರ ಬೆಂಕಿ, ಅವರ ದೇವರು, ಅವರ ಕಾಮ, ಎಲ್ಲ ಮಾತಾಗಿ ಹೊರಬರುತ್ತವೆ. ಮತ್ತೆ ಮತ್ತೆ ಇದೇ ಕ್ರಮ: ವಸ್ತು, ಸ್ಪರ್ಶ, ದರ್ಶನ, ಸುಬ್ಬರಾಯನ ಬೆರಗು. ಈ ಸರಪಣಿಯಲ್ಲಿ ಒಂದು ಕೊಂಡಿ ಇಲ್ಲ. ವಸ್ತುವಿನ ಯಾವ ಗುರುತು ಅಜ್ಜಿಯ ಯಾವ ಮಾತಿಗೆ ದಾರಿಯಾಯಿತು? ಅದರ ಅಂಚು ಸವೆದಿತ್ತೇ, ಮೇಲೆ ಮಸಿ ಇತ್ತೇ, ಒಂದು ಮಗ್ಗುಲು ಮಾತ್ರ ನುಣುಪಾಗಿತ್ತೇ? ಅಜ್ಜಿಗೆ ಇವು ಬೇಕಾಗಿಲ್ಲ, ನಮಗಂತೂ ದಕ್ಕುವುದಿಲ್ಲ. ಭೂತಗನ್ನಡಿ ಅವಳ ಕೈಯಲ್ಲೇ ಉಳಿಯುತ್ತದೆ.

ಇನ್ನೂ ಸ್ವಲ್ಪ ಕೆದಕೋಣ. ಸುಬ್ಬರಾಯ ಅಜ್ಜಿಯ ಮಾತನ್ನು ಓದಿದವರ ವಿಚಾರಗಳ ಜೊತೆ ತಾಳೆ ನೋಡುವವನು, ಅನುಮಾನಿಸಬಲ್ಲವನು. ಆದರೆ ಅವನ ಅನುಮಾನಕ್ಕೆ ಹಲ್ಲಿಲ್ಲ. ಅಜ್ಜಿ ತಪ್ಪಬಹುದಾದ ಒಂದು ಸಂದರ್ಭವನ್ನು ಕಾದಂಬರಿ ಏರ್ಪಡಿಸುವುದೇ ಇಲ್ಲ. ಷರ್ಲಾಕ್ ಹೋಮ್ಸನ ವಾಟ್ಸನ್ ಪೆದ್ದನಿರಬಹುದು, ಆದರೆ ‘ಹೇಗೆ?’ ಎಂದು ಕೇಳುವ ಹಕ್ಕು ಅವನಿಗಿದೆ, ಕೇಳಿದಾಗ ಹೋಮ್ಸ್ ಬೂಟಿನ ಕೆಸರು ತೋರಿಸಲೇಬೇಕು. ಸುಬ್ಬರಾಯ ಕೇಳಿದರೆ ಸಿಗುವುದು ಇನ್ನೊಂದು ದರ್ಶನ. ತಮಾಷೆಯೆಂದರೆ, ಪುರೋಹಿತರ ಕಟ್ಟುಕಥೆಗಳನ್ನು, ದೇವರ ಹೆಸರಿನ ಅಧಿಕಾರವನ್ನು ಅಜ್ಜಿಯ ಬಾಯಿಂದಲೇ ಪ್ರಶ್ನಿಸುವ ಕಾದಂಬರಿ ಇದು. ಪವಾಡವನ್ನು ಒಡೆಯಲು ಕಾರಂತರು ಒಂದು ಪವಾಡವನ್ನೇ ಬಳಸಿದರು.

ಇದನ್ನು ಹೇಳುವಾಗ ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ನೆನಪಾಗದೆ ಇರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಕಟ್ಟಿದ ಭೌತಶಾಸ್ತ್ರದ ಮೇಷ್ಟ್ರು ಅವರು. ಸಾಯಿಬಾಬಾರನ್ನೇ ಪರೀಕ್ಷೆಗೆ ಕರೆದವರ ಮುಂದೆ ಮೂಕಜ್ಜಿ ಕೂತಿದ್ದರೆ? ಕಾದಂಬರಿಯನ್ನು ಪ್ರಯೋಗಶಾಲೆಗೆ ಎಳೆಯುವುದು ಅರಸಿಕತನ ಎಂದು ಯಾರಾದರೂ ಗದರುವುದು ನನಗೆ ಗೊತ್ತು. ಆದರೆ ಅಜ್ಜಿಯನ್ನು ಇತಿಹಾಸ ಶೋಧಕಿ, ವೈಚಾರಿಕತೆಯ ಕಣ್ಣು ಎಂದು ಮೊದಲು ಕರೆದವರು ಯಾರು? ಕವಿತೆ ಎಂದು ಓದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಶೋಧ ಎಂದಿರಿ, ಅದಕ್ಕೇ ಸಾಕ್ಷಿ ಕೇಳುತ್ತಿದ್ದೇನೆ.

ವಿಮರ್ಶಕರ ಜೊತೆ ಜಗಳ ಬಂದೇ ಬಿಟ್ಟಿತಲ್ಲ, ಪೂರ್ತಿ ಆಡಿಬಿಡುತ್ತೇನೆ. ಕನ್ನಡದಲ್ಲಿ ಇನ್ನೊಬ್ಬ ನರಸಿಂಹಯ್ಯ ಇದ್ದರು, ಎನ್. ನರಸಿಂಹಯ್ಯ. ನಾಲ್ಕನೇ ತರಗತಿ ಓದಿದವರು, ನೂರಾರು ಪತ್ತೇದಾರಿ ಕಾದಂಬರಿ ಬರೆದವರು. ಪುರುಷೋತ್ತಮ, ಮಧುಸೂದನ, ಅರಿಂಜಯರ ಹೆಸರು ಹಿಡಿದು ಓದು ಕಲಿತ ಒಂದು ತಲೆಮಾರೇ ಇದೆ. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ನಮ್ಮ ಗಂಭೀರ ವಿಮರ್ಶೆ ಇವರನ್ನು ಬಸ್‌ಸ್ಟ್ಯಾಂಡ್ ಸಾಹಿತ್ಯ ಎಂದು ಪಕ್ಕಕ್ಕೆ ಸರಿಸಿತು, ಕಾಲಹರಣ ಎಂದಿತು. ಈ ತಿರಸ್ಕಾರದಿಂದ ಆ ಕಾದಂಬರಿಗಳಿಗೆ ಏನೂ ನಷ್ಟವಾಗಲಿಲ್ಲ, ಅವು ಬಾಡಿಗೆ ಪುಸ್ತಕದಂಗಡಿಗಳಲ್ಲಿ ಮೂಲೆ ಮಡಿಸಿಕೊಂಡು ಓಡಾಡಿದವು. ನಷ್ಟವಾದದ್ದು ವಿಮರ್ಶೆಗೆ. ಸುಳಿವು ಎಂದರೇನು, ಅದನ್ನು ಎಲ್ಲಿಡಬೇಕು, ಎಷ್ಟು ಮುಚ್ಚಬೇಕು ಎಂಬ ಕುಸುರಿಯನ್ನು ಮಾತಾಡುವ ಭಾಷೆಯೇ ಅದಕ್ಕೆ ಬೆಳೆಯಲಿಲ್ಲ. ಹಾಗಾಗಿ ದೊಡ್ಡ ಲೇಖಕರೊಬ್ಬರು ಸುಳಿವಿಲ್ಲದ ಶೋಧ ಬರೆದಾಗ ಯಾರಿಗೂ ಏನೂ ಕೊರತೆ ಕಾಣಲಿಲ್ಲ. ಪುರುಷೋತ್ತಮನ ಮುಂದೆ ಕೊಲೆಗಾರನ ಹೆಸರು ಕನಸಿನಲ್ಲಿ ಬಂದಿದ್ದರೆ ಓದುಗ ಪುಸ್ತಕ ವಾಪಸು ಕೊಟ್ಟು ಬಾಡಿಗೆ ಕೇಳುತ್ತಿದ್ದ.

ಹಾಗಂತ ಜನಪ್ರಿಯರ ಪರವಾಗಿಯೂ ವಕಾಲತ್ತು ಬೇಡ. ಈ ಪತ್ತೇದಾರರೆಲ್ಲ ಪ್ರಾಯದ ಗಂಡಸರು. ಅಡುಗೆಮನೆಯ ಹಿತ್ತಿಲಲ್ಲಿ ಕೂತು ಇಡೀ ಬೀದಿಯನ್ನು ಓದಬಲ್ಲ ಹೆಂಗಸಿನ ಕಡೆ ಅವರೂ ತಿರುಗಲಿಲ್ಲ. ಇಂಗ್ಲಿಷ್ ಮೋಹಿಗಳೂ ಲೆಕ್ಕ ತಪ್ಪುತ್ತಾರೆ. ಅವರು ಮೊದಲು ಹೆಸರಿಸುವ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ವಿಧವೆಯೇ ಅಲ್ಲ, ಮದುವೆಯಾಗದವಳು. ನಿಜವಾದ ವಿಧವೆ ಎಂದರೆ 1984ರಿಂದ 1996ರವರೆಗೆ ಅಮೆರಿಕದ ಟೀವಿಯಲ್ಲಿ ಓಡಿದ ‘ಮರ್ಡರ್, ಶಿ ರೋಟ್’ನ ಜೆಸ್ಸಿಕಾ ಫ್ಲೆಚರ್, ನಿವೃತ್ತ ಇಂಗ್ಲಿಷ್ ಮೇಡಂ. ಆದರೂ ಕಲಿಯಬೇಕಾದ್ದು ಮಾರ್ಪಲ್‌ಳಿಂದಲೇ. ಕೊಲೆಗಾರನನ್ನು ಕಂಡರೆ ಅವಳಿಗೆ ತನ್ನ ಹಳ್ಳಿಯ ಯಾರದೋ ಸಣ್ಣ ಕಳ್ಳತನ ನೆನಪಾಗುತ್ತದೆ. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎಂಬ ನಮ್ಮ ಅಡುಗೆಮನೆಯ ನ್ಯಾಯವೇ ಅವಳ ತರ್ಕಶಾಸ್ತ್ರ.

ಈ ಅಗುಳಿನ ನ್ಯಾಯ ಮೂಕಜ್ಜಿಯಲ್ಲೂ ಇದೆ, ನಾವು ಹುಡುಕದ ಜಾಗದಲ್ಲಿ. ಊರು ಕೆಟ್ಟವಳೆಂದು ಹೆಸರಿಟ್ಟ ನಾಗಿಯ ವಿಷಯ ಬಂದಾಗ ಅಜ್ಜಿ ಯಾವ ವಸ್ತುವನ್ನೂ ಮುಟ್ಟಬೇಕಾಗಿಲ್ಲ. ಎಂಬತ್ತು ವರ್ಷ ಒಂದೇ ಊರಿನಲ್ಲಿ ಕೂತು, ಹತ್ತರ ವಯಸ್ಸಿಗೇ ತಾಳಿ ಕಳೆದುಕೊಂಡು, ಯಾರ ಲೆಕ್ಕಕ್ಕೂ ಬಾರದೆ ಇದ್ದುದರಿಂದಲೇ ಎಲ್ಲರ ಲೆಕ್ಕ ಇಟ್ಟುಕೊಂಡವಳು ಅವಳು. ಅಲ್ಲಿ ಅವಳ ತೀರ್ಪಿಗೆ ಕಾರಣವಿದೆ, ನಾವು ತೂಗಿ ನೋಡಬಹುದು. ಕಣ್ಣು ತೆರೆದ ಈ ಅಜ್ಜಿ ದೊಡ್ಡವಳು. ನಾವು ಮೆರವಣಿಗೆ ಮಾಡಿದ್ದು ಕಣ್ಣು ಮುಚ್ಚಿದ ಅಜ್ಜಿಯನ್ನು.

ಪೂರ್ತಿ ಕಣ್ಣು ತೆರೆದ ಅಜ್ಜಿ ಬೇಕಿದ್ದರೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ಕ್ಕೆ ಹೋಗಬೇಕು. 1976ರ ಈ ಪುಟ್ಟ ಕಾದಂಬರಿಯನ್ನು ವಿಧವೆಯ ಗೋಳು ಎಂದು ಒಂದು ಗುಂಪು ಓದಿತು, ಸಂತಳ ಕಥೆ ಎಂದು ಇನ್ನೊಂದು. ಅವಳ ಸಂತತನದ ಅಡಿಯಲ್ಲಿರುವ ಜಾತಿಯ ಪಾಯವನ್ನು ವಿಮರ್ಶಕಿ ಸೂಸಿ ತಾರು ಅವರಂಥವರು ತೋರಿಸಿದ್ದು ನ್ಯಾಯವೇ. ನನಗೆ ಮಾತ್ರ ಅದು ಸಾಕ್ಷಿಯೊಬ್ಬಳ ಕಥೆ. ಹುಡುಗಿಯಾಗಿದ್ದಾಗ ಒಂದು ರಾತ್ರಿ ಗಂಡು-ಹೆಣ್ಣಿನ ಗುಟ್ಟೊಂದು ಅವಳ ಕಣ್ಣಿಗೆ ಬೀಳುತ್ತದೆ. ದರ್ಶನವಲ್ಲ ಅದು, ಬರಿಗಣ್ಣಿಗೆ ಕಂಡದ್ದು. ಹಗಲಿನಲ್ಲಿ ಮಡಿ-ಮೈಲಿಗೆಯ ಮಾತಾಡುವ ಲೋಕಕ್ಕೆ ರಾತ್ರಿಯೂ ಒಂದಿದೆ ಎಂದು ಅವಳಿಗೆ ಗೊತ್ತಾಗುತ್ತದೆ, ಗೊತ್ತಾದದ್ದನ್ನು ನುಂಗಿಕೊಳ್ಳುತ್ತಾಳೆ. ಅಲ್ಲಿಂದಾಚೆಗೆ ಅವಳ ಮೌನವನ್ನು ನಾವು ಬೇರೆ ಥರ ಓದುತ್ತೇವೆ, ಯಾಕೆಂದರೆ ಅವಳಿಗೆ ಗೊತ್ತಿರುವುದು ನಮಗೂ ಗೊತ್ತು. ಭೂತಗನ್ನಡಿ ದಾಟಿದೆ. ಕಿರಿಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ, ಮಡಿಯ ಮೂರ್ತಿಯಂತಿದ್ದ ಮುದುಕಿ ಅವಳ ಪರ ನಿಲ್ಲುತ್ತಾಳೆ. ಪತ್ತೇದಾರಿ ಕಥೆಯ ಕೊನೆಯಲ್ಲಿ ಎಲ್ಲರನ್ನೂ ಕೂಡಿಸಿ ಅಪರಾಧಿಯನ್ನು ಹೆಸರಿಸುವ ಘಟ್ಟ ಬರುತ್ತದಲ್ಲ, ಇದು ಕನ್ನಡದ ಆ ಘಟ್ಟ. ಕೂಡಿದವರೆಲ್ಲ ಅಪರಾಧಿಗಳು ಎಂಬುದಷ್ಟೇ ವ್ಯತ್ಯಾಸ.

ಆ ವ್ಯತ್ಯಾಸದಲ್ಲೇ ನಮ್ಮ ಕೊರಗಿಗೆ ಉತ್ತರವಿದೆ. ಕವಿ ಆಡೆನ್ 1948ರ ತಮ್ಮ ಪ್ರಬಂಧದಲ್ಲಿ ಹೇಳಿದಂತೆ ಈ ಬಗೆಯ ಕಥೆಗೆ ಮುಗ್ಧವಾದ ಊರೊಂದು ಬೇಕು. ಕೊಳೆ ಒಬ್ಬನಲ್ಲಿದೆ, ಅವನನ್ನು ತೆಗೆದರೆ ಊರು ಮತ್ತೆ ತಿಳಿಯಾಗುತ್ತದೆ. ಜೊತೆಗೆ ತನ್ನ ಹೆಸರಿನ ಮನೆ, ತನ್ನ ಹೆಸರಿನ ದುಡ್ಡು, ಕಂಡಲ್ಲಿ ಹೋಗುವ ಕಾಲು ಇರುವ ವಿಧವೆ ಬೇಕು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಬಂದದ್ದೇ 1933ರಲ್ಲಿ. ಅಲೀಪುರದಂಥ ಮುಸ್ಲಿಂ ಊರಿನಲ್ಲಿ ಪಾಲು ಧರ್ಮದಲ್ಲೇ ಬರೆದಿದೆ, ಮಕ್ಕಳಿದ್ದರೆ ಎಂಟರಲ್ಲೊಂದು, ಆದರೆ ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಕಳೆಯಬೇಕಾದ ಇದ್ದತ್ತೂ ಇದೆ. ಕೋಜಿ ಕಥೆಯ ನಾಯಕಿ ಅಷ್ಟು ಹೊತ್ತಿಗೆ ಮೂರು ಕೊಲೆ ಬಿಡಿಸಿರುತ್ತಾಳೆ. ಹಾಗೆಂದು ಮನೆಯೊಳಗಿನ ಹೆಂಗಸಿಗೆ ಹೊರಗಿನದು ಗೊತ್ತಾಗುವುದಿಲ್ಲ ಎಂದಲ್ಲ. ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು ಎಂದು ಅವಳಿಗೆ ತಿಳಿದಷ್ಟು ಠಾಣೆಗೆ ತಿಳಿಯದು. ಅವಳಿಗೆ ಯಾವತ್ತೂ ಕಡಿಮೆ ಬಿದ್ದದ್ದು ಕೂತು ಕೇಳುವ ಪಡಸಾಲೆ.

ಆದ್ದರಿಂದ ಕನ್ನಡಕ್ಕೆ ಪತ್ತೇದಾರ ಅಜ್ಜಿ ಬರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಂದಿದ್ದಳು. ಫಣಿಯಮ್ಮ ಇಂದಿರಾ ಅವರ ಹಿರೀಕರಲ್ಲಿ ನಿಜವಾಗಿ ಬಾಳಿದ ಹೆಂಗಸು. ಹುಟ್ಟಿದ್ದು 1840ರಲ್ಲಿ, ತೀರಿಕೊಂಡದ್ದು 1952ರಲ್ಲಿ, ಎಂದು ಪುಸ್ತಕ ಲೆಕ್ಕ ಕೊಡುತ್ತದೆ. ತಾನು ಕಂಡದ್ದನ್ನು ಅವಳು ಲೇಖಕಿಯ ತಾಯಿಗೆ ಹೇಳಿದ್ದಳು, ತಾಯಿ ಮಗಳಿಗೆ. ಮಗಳು ಬರೆಯಲು ಕೂತದ್ದೇ ನಡುವಯಸ್ಸಿನಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಅಚ್ಚಾದದ್ದು 1963ರಲ್ಲಿ. ನೂರು ವರ್ಷ ದಾಟಿ ಬದುಕಿದ ಸಾಕ್ಷಿಯ ಹೇಳಿಕೆ ದಾಖಲಾದದ್ದು ಅವಳು ಸತ್ತ ಇಪ್ಪತ್ತನಾಲ್ಕು ವರ್ಷದ ಮೇಲೆ, ಅದೂ ಅಡುಗೆಮನೆಯಿಂದ ಅಡುಗೆಮನೆಗೆ ದಾಟಿ.