ಬಾಗಿಲಲ್ಲಿ ನಿಂತ ಹೆರವರು: ತುಮಕೂರು ಸೀಮೆಯ ಪೆಂಟೆಕೋಸ್ಟ್ ಸಭೆಗಳು ಮತ್ತು ತೋರಿಕೆಯ ಪ್ರಶ್ನೆ

ಕನ್ನಡ ಜಾನಪದ ಅಧ್ಯಯನವು ಗ್ರಾಮದೇವತೆಗಳ ಜಾತ್ರೆ, ಜೋಗಿ-ಜಂಗಮ ಪರಂಪರೆ, ದರ್ಗಾಗಳ ಉರುಸು ಮೊದಲಾದವುಗಳಿಗೆ ನೀಡಿರುವ ಗಮನವನ್ನು ನಮ್ಮ ಊರುಗಳ ಪುಟ್ಟ ಕ್ರೈಸ್ತ ಸಭೆಗಳಿಗೆ ನೀಡಿಲ್ಲ. ಅದರಲ್ಲಿಯೂ ಪೆಂಟೆಕೋಸ್ಟ್ ಸಭೆಗಳನ್ನು ಹೊಸವು, ಹೊರಗಿನವು ಎಂದು ಬಗೆದು ದೂರವಿಟ್ಟದ್ದೇ ಹೆಚ್ಚು. ಆದರೆ ಒಂದು ಸಮುದಾಯವು ತನಗಿಂತ ಭಿನ್ನವಾಗಿ ಕಾಣುವವರನ್ನು ಬಾಗಿಲಲ್ಲಿ ಹೇಗೆ ಎದುರುಗೊಳ್ಳುತ್ತದೆ ಎಂಬುದು ಜಾನಪದದ ಬಹು ಹಳೆಯ ಪ್ರಶ್ನೆ. ಆ ಪ್ರಶ್ನೆಯನ್ನು ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪೆಂಟೆಕೋಸ್ಟ್ ಪರಂಪರೆಯ ಮೂಲಕಥನವು ಕಿವಿಗೆ ಸಂಬಂಧಿಸಿದ್ದು. ಆದರೆ ಅದರ ಇಂದಿನ ಗಡಿರೇಖೆಯನ್ನು ಎಳೆಯುತ್ತಿರುವುದು ಕಣ್ಣು. ಈ ವೈರುಧ್ಯವೇ ಇಲ್ಲಿಯ ಚರ್ಚೆಯ ಕೇಂದ್ರ.

1. ಕಥನಗಳೊಳಗಿನ ಬಾಗಿಲು

ಭಿನ್ನರೂಪದ ಅತಿಥಿಯನ್ನು ಕುರಿತು ಕನ್ನಡ ಜನಪದವು ಎತ್ತಿರುವ ಅತ್ಯಂತ ನಿಷ್ಠುರವಾದ ದನಿ ಮಂಟೇಸ್ವಾಮಿ ಕಾವ್ಯದ ಕಲ್ಯಾಣ ಪ್ರಸಂಗದಲ್ಲಿದೆ. ಕುಣಿಗಲ್ ತಾಲ್ಲೂಕಿಗೆ ದಕ್ಷಿಣದಲ್ಲಿರುವ ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಗಳಲ್ಲಿ ನೀಲಗಾರರು ಹಾಡುವ ಈ ಕಾವ್ಯದಲ್ಲಿ, ಧರೆಗೆ ದೊಡ್ಡವರು ಕಲ್ಯಾಣವನ್ನು ಪರೀಕ್ಷಿಸಲು ಬರುವುದು ಹೇಸಿಗೆ ಹುಟ್ಟಿಸುವ ರೂಪದಲ್ಲಿ. ಹೊರಗಿನ ಮಡಿಯನ್ನೇ ಶರಣತ್ವವೆಂದು ಬಗೆದವರು ಅವರನ್ನು ಒಳಗೆ ಬಿಡುವುದಿಲ್ಲ; ಅವರು ತಿಪ್ಪೆಯ ಪಾಲಾಗುತ್ತಾರೆ. ಕೊನೆಗೆ ಬಸವಣ್ಣನೇ ಅವರನ್ನು ಅರಸಿಕೊಂಡು ಹೊರಗೆ ಬರಬೇಕಾಗುತ್ತದೆ. ಸಮತೆಗಾಗಿ ಕಟ್ಟಿದ ಮನೆಯೇ ವೇಷವನ್ನು ನೋಡಿ ಬಾಗಿಲು ಮುಚ್ಚಿಕೊಂಡಿತು ಎಂಬುದು ಕಾವ್ಯದ ಆರೋಪ.

ಪೆಂಟೆಕೋಸ್ಟ್ ಸಭೆಗಳು ತಮ್ಮ ಮೂಲವನ್ನು ಗುರುತಿಸಿಕೊಳ್ಳುವುದು ಅಪೊಸ್ತಲರ ಕೃತ್ಯಗಳು ಗ್ರಂಥದ ಎರಡನೆಯ ಅಧ್ಯಾಯದಲ್ಲಿ. ಕನ್ನಡ ಬೈಬಲು ಪಂಚಾಶತ್ತಮವೆಂದು ಕರೆಯುವ ಹಬ್ಬದ ದಿನ ಯೆರೂಸಲೇಮಿನಲ್ಲಿ ಹಲವು ದೇಶಗಳಿಂದ ಬಂದ ಜನ ಸೇರಿರುತ್ತಾರೆ. ಪವಿತ್ರಾತ್ಮದಿಂದ ತುಂಬಿದ ಶಿಷ್ಯರ ಮಾತು ಅವರವರ ಹುಟ್ಟುಭಾಷೆಯಲ್ಲಿಯೇ ಅವರಿಗೆ ಕೇಳಿಸುತ್ತದೆ. ಇಲ್ಲಿ ಹೆರವರು ತಮ್ಮ ಉಡುಪನ್ನಾಗಲಿ ಭಾಷೆಯನ್ನಾಗಲಿ ಬದಲಿಸಬೇಕಾಗಿಲ್ಲ. ಬದಲಾಗುವುದು ಒಳಗಿನವರ ನಾಲಗೆ. ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ರಥದಲ್ಲಿ ಸಾಗುತ್ತಿದ್ದ ಇಥಿಯೋಪ್ಯದ ಕಂಚುಕಿಯು ದೀಕ್ಷಾಸ್ನಾನಕ್ಕೆ ತನಗೇನು ಅಡ್ಡಿಯೆಂದು ಕೇಳುತ್ತಾನೆ. ದಾರಿಯ ಬದಿಯ ನೀರಿನಲ್ಲಿಯೇ ಅವನಿಗೆ ಸ್ನಾನವಾಗುತ್ತದೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವಂತೂ, ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠವನ್ನೂ ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿ ಜಾಗವನ್ನೂ ಕೊಡುವ ಸಭೆಯನ್ನು ನೇರವಾಗಿಯೇ ಖಂಡಿಸುತ್ತದೆ. ತೋರಿಕೆಯನ್ನು ನೋಡಿ ಆಸನ ಹಾಕುವ ಚಾಳಿ ಮೊದಲ ಸಭೆಗಳಲ್ಲಿಯೂ ಇತ್ತೆಂಬುದಕ್ಕೆ ಈ ಖಂಡನೆಯೇ ಸಾಕ್ಷಿ.

2. ಗುಬ್ಬಿಗೆ ಬಂದ ಹೆರವ

ತುಮಕೂರು ಸೀಮೆಯಲ್ಲಿ ಈ ಸಂಬಂಧದ ಆರಂಭ ತಲೆಕೆಳಗಾಗಿತ್ತು. ಇಲ್ಲಿ ಮೊದಲು ಭಿನ್ನವಾಗಿ ಕಂಡವನು ಸಭೆಗೆ ಬಂದ ಹೊರಗಿನವನಲ್ಲ, ಸಭೆಯನ್ನು ತಂದ ಹೊರಗಿನವನು. 1830ರ ದಶಕದ ಉತ್ತರಾರ್ಧದಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತು. 1839ರಲ್ಲಿ ಭಾರತಕ್ಕೆ ಬಂದ ಐರಿಷ್ ಯುವಕ ವಿಲಿಯಂ ಆರ್ಥರ್ (1819–1901) ಅಲ್ಲಿ ಕನ್ನಡ ಕಲಿತು ಕೆಲಸ ಮಾಡಿದನು. ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದ ಅವನು 1847ರಲ್ಲಿ ‘ಎ ಮಿಷನ್ ಟು ದ ಮೈಸೂರ್’ ಎಂಬ ಗ್ರಂಥವನ್ನು ಪ್ರಕಟಿಸಿದನು.

ಈ ಗ್ರಂಥವನ್ನು ಎರಡು ಬಗೆಯಲ್ಲಿ ಓದಬೇಕಾಗುತ್ತದೆ. ಸ್ಥಳೀಯರ ದೈವಗಳನ್ನೂ ಆಚರಣೆಗಳನ್ನೂ ಅಜ್ಞಾನವೆಂದು ಅಳೆಯುವ ವಸಾಹತುಶಾಹಿ ನೋಟ ಅದರಲ್ಲಿ ಸ್ಪಷ್ಟವಾಗಿದೆ. ಅದೇ ವೇಳೆಗೆ, ಬೇರೆ ಮೈಬಣ್ಣದ, ಬೇರೆ ಉಡುಪಿನ ವ್ಯಕ್ತಿಯೊಬ್ಬನನ್ನು ಜನ ನಿಂತು ಕೇಳಿದರು, ಅವನೊಡನೆ ವಾದಕ್ಕಿಳಿದರು ಎಂಬುದನ್ನೂ ಅದು ತನಗರಿವಿಲ್ಲದೆ ದಾಖಲಿಸಿದೆ. ಒಪ್ಪದೆಯೂ ಕೇಳಿಸಿಕೊಳ್ಳುವ ಈ ಗುಣ ಆ ಸೀಮೆಗೆ ಹೊಸದಲ್ಲ. ಚನ್ನಬಸವೇಶ್ವರರ ಗುಬ್ಬಿ, ಸಿದ್ಧಲಿಂಗೇಶ್ವರರ ಎಡೆಯೂರು, ದಾಸೋಹದ ಸಿದ್ಧಗಂಗೆ ಇರುವ ನಾಡಿನಲ್ಲಿ ಪರಸ್ಥಳದಿಂದ ಬಂದವರ ಮಾತಿಗೆ ಕಿವಿಗೊಡುವುದು ರೂಢಿಯೇ ಆಗಿತ್ತು. ಆರ್ಥರ್‌ಗೆ ದೊರೆತ ಪ್ರವೇಶಕ್ಕೆ ಅವನ ಕನ್ನಡವೂ ಕೇಳುಗರ ಆ ಸಂಸ್ಕಾರವೂ ಸಮಾನ ಕಾರಣಗಳು.

ಇದೇ ಆರ್ಥರ್ 1856ರಲ್ಲಿ ಪ್ರಕಟಿಸಿದ ‘ದ ಟಂಗ್ ಆಫ್ ಫೈರ್’ ಪಂಚಾಶತ್ತಮದ ಅನುಭವವನ್ನೇ ವಸ್ತುವಾಗಿಸಿಕೊಂಡ ಕೃತಿ. ಮುಂದೆ ಪೆಂಟೆಕೋಸ್ಟ್ ಚಳವಳಿಗೆ ನೆಲ ಹದಗೊಳಿಸಿದ ಪರಿಶುದ್ಧತಾ ಚಳವಳಿಯ ವಲಯಗಳಲ್ಲಿ ಅದು ವ್ಯಾಪಕವಾಗಿ ಓದಲ್ಪಟ್ಟಿತು. ಹಾಗೆಂದು ಇಂದಿನ ಗುಬ್ಬಿಯ ಪೆಂಟೆಕೋಸ್ಟರು ಆರ್ಥರನ ವಾರಸುದಾರರೆಂದು ಹೇಳುವಂತಿಲ್ಲ. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಲೀನವಾದವು. ಆದರೂ, ಬೆಂಕಿಯ ನಾಲಗೆಯನ್ನು ಕುರಿತು ಬರೆದವನು ಅದಕ್ಕೂ ಮೊದಲು ಪರಭಾಷೆಯೊಂದನ್ನು ಪ್ರಯಾಸದಿಂದ ಕಲಿತದ್ದು ಗುಬ್ಬಿಯಲ್ಲಿ ಎಂಬ ಸಂಗತಿ ಅರ್ಥಪೂರ್ಣವಾಗಿದೆ.

3. ಅರೆತೆರೆದ ಬಾಗಿಲು

ಇಪ್ಪತ್ತನೆಯ ಶತಮಾನದ ಪೆಂಟೆಕೋಸ್ಟ್ ಚರಿತ್ರೆಯ ಹೊಸ್ತಿಲಲ್ಲಿಯೂ ಒಂದು ಬಾಗಿಲಿದೆ. ಕಪ್ಪು ಜನಾಂಗದ ವಿಲಿಯಂ ಸೀಮೋರ್ ಅಮೆರಿಕದ ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪಾರ್ಹಾಮನ ಬೈಬಲ್ ಪಾಠಗಳನ್ನು ಕೇಳಲು ಹೋದಾಗ, ವರ್ಣಭೇದದ ಕಟ್ಟಳೆಯಿಂದಾಗಿ ತರಗತಿಯ ಹೊರಗೆ, ತೆರೆದ ಬಾಗಿಲ ಬಳಿ ಕುಳಿತು ಕೇಳಬೇಕಾಯಿತು. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಅವನ ನಾಯಕತ್ವದಲ್ಲಿ ನಡೆದ ಕೂಟಗಳಲ್ಲಿ ಕಪ್ಪು, ಬಿಳಿಯ, ಮೆಕ್ಸಿಕನ್ ಮೂಲದ ಜನ ಒಂದೇ ನೆಲದ ಮೇಲೆ ಮೊಣಕಾಲೂರಿದರು. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಘಟನೆಗಳು ಬಣ್ಣದ ಗೆರೆಯ ಮೇಲೆಯೇ ಒಡೆದುಕೊಂಡವು. ಇದಕ್ಕೂ ಮುನ್ನ, 1905ರಲ್ಲಿಯೇ, ಕರ್ನಾಟಕದ ಪಶ್ಚಿಮಘಟ್ಟದ ಮಡಿಲಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ, ಸಮಾಜವು ಹೊರಗಿಟ್ಟ ವಿಧವೆಯರು ಮತ್ತು ಅನಾಥ ಹೆಣ್ಣುಮಕ್ಕಳ ನಡುವೆ, ಇಂಥದೇ ಜಾಗೃತಿ ಮೂಡಿತ್ತು. ಹೊರಗೆ ಕೂರಿಸಲ್ಪಟ್ಟವರಿಂದ ಹುಟ್ಟಿದ ಚಳವಳಿಯೂ ತಾನೊಂದು ಮನೆ ಕಟ್ಟಿಕೊಂಡ ಮೇಲೆ ಬಾಗಿಲಿಗೆ ಕಾವಲಿಡುತ್ತದೆ. ಕಲ್ಯಾಣದ ಕಥನವನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಇದು ಅನಿರೀಕ್ಷಿತವಲ್ಲ.

4. ಹೂವು, ಕುಂಕುಮ, ಬಳೆ

ನಮ್ಮಲ್ಲಿ ಈ ಕಾವಲು ಮೈಬಣ್ಣವನ್ನಲ್ಲ, ಅಲಂಕಾರವನ್ನು ನೋಡುತ್ತದೆ. ಕೇರಳದ ಹಲವು ಪೆಂಟೆಕೋಸ್ಟ್ ಪಂಗಡಗಳಲ್ಲಿ ಗಟ್ಟಿಗೊಂಡ ಆಭರಣ ನಿರಾಕರಣೆ ಮತ್ತು ಬಿಳಿಯ ಉಡುಪಿನ ಆದರ್ಶ ದಕ್ಷಿಣ ಭಾರತದ ಇತರ ಕಡೆಗಳಿಗೂ ಹರಡಿತು. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಸ್ತ್ರೀಯರ ಹೊರಗಿನ ಅಲಂಕಾರವನ್ನು ಕುರಿತು ಬರುವ ಮಾತು ಇದಕ್ಕೆ ಆಧಾರ. ಈ ನಿಯಮವನ್ನು ಕೇವಲ ಕಟ್ಟುಪಾಡೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಚಿನ್ನವಿರುವವಳೂ ಇಲ್ಲದವಳೂ ಒಂದೇ ಚಾಪೆಯ ಮೇಲೆ ಕುಳಿತಾಗ ಚಿನ್ನವನ್ನು ಕಳಚುವುದು ಸಮಾನತೆಯ ಕ್ರಿಯೆಯೂ ಆಗುತ್ತದೆ; ಯಾಕೋಬನು ಖಂಡಿಸಿದ ಉಂಗುರದ ಅಧಿಕಾರ ಅಲ್ಲಿ ಇಲ್ಲವಾಗುತ್ತದೆ.

ಆದರೆ ಹಳೆಯ ಮೈಸೂರು ಸೀಮೆಯ ಹೆಣ್ಣಿಗೆ ಹೂವು, ಕುಂಕುಮ, ಬಳೆಗಳು ಅಲಂಕಾರವಷ್ಟೇ ಅಲ್ಲ. ಅವು ಮುತ್ತೈದೆತನದ ಚಿಹ್ನೆಗಳು. ಸೋಬಾನೆಯ ಹಸೆಯಿಂದ ಹಿಡಿದು ಮಡಿಲು ತುಂಬುವ ಶಾಸ್ತ್ರದವರೆಗೆ ಅವುಗಳ ಮೂಲಕವೇ ಅವಳು ಸಮುದಾಯದ ಒಳಗಿನವಳಾಗುತ್ತಾಳೆ. ಅವನ್ನು ತೆಗೆದ ಮೈ ಊರಿನ ಕಣ್ಣಿಗೆ ವಿಧವೆಯ ಮೈ. ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಭೇಟಿಯಾದ ವಿಶ್ವಾಸಿ ಮಹಿಳೆಯೊಬ್ಬರು, ಗಂಡ ಪಕ್ಕದಲ್ಲಿಯೇ ನಿಂತಿದ್ದರೂ, ತಂಗಿಯ ಮದುವೆಯಲ್ಲಿ ಆರತಿ ತಟ್ಟೆಗೆ ತಮ್ಮ ಕೈ ಸೇರಿಸಲು ಹಿರಿಯರು ಬಿಡಲಿಲ್ಲವೆಂದು ಹೇಳಿಕೊಂಡರು. ಸಭೆಯ ಬಾಗಿಲಲ್ಲಿ ಒಳಗಿನವಳಾಗುವ ಬೆಲೆ ತವರಿನ ಬಾಗಿಲಲ್ಲಿ ಹೆರವಳಾಗುವುದು. ಈ ನಷ್ಟದ ಹೊಣೆ ಸಭೆಯೊಂದರದೇ ಅಲ್ಲ. ಬರಿಯ ಹಣೆಯನ್ನು ಅಮಂಗಳವೆಂದು ನೋಡುವ ಊರಿನದೂ ಹೌದು.

ತುಮಕೂರು ನಗರದ ಬಡಾವಣೆಯೊಂದರ ಪ್ರಾರ್ಥನಾ ಕೂಟಕ್ಕೆ ನಾನು ಎಂದಿನಂತೆ ಕುಂಕುಮವಿಟ್ಟು ಹೂ ಮುಡಿದು ಹೋಗಿದ್ದೆ. ಬಾಗಿಲಲ್ಲಿದ್ದ ಹೆಂಗಸರು ಕೈಹಿಡಿದು ಕರೆದೊಯ್ದು ಜಾಗ ಕೊಟ್ಟರು. ಹಾಡಿನ ಪುಸ್ತಕದ ಪುಟವನ್ನು ತೆರೆದು ಕೊಟ್ಟರು. ನನ್ನ ಹೆಸರು ಹಿಡಿದು ಪ್ರಾರ್ಥಿಸಿದರು. ಅಲ್ಲಿ ಕನ್ನಡ, ತಮಿಳು, ತೆಲುಗುಗಳ ಹಾಡುಗಳು ಒಂದರ ಹಿಂದೊಂದು ಬಂದವು. ಯಾವ ಭಾಷೆಯೂ ಹೆರದಾಗಲಿಲ್ಲ. ಹೊರಡುವಾಗ ಹಿರಿಯ ತಾಯಿಯೊಬ್ಬರು, ಮುಂದಿನ ವಾರ ಹೂ ಮುಡಿಯದೆ ಬರುವಂತೆ ಬಹಳ ಪ್ರೀತಿಯಿಂದಲೇ ಸೂಚಿಸಿದರು. ಆ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆ ಸೂಚನೆಯಲ್ಲಿ ಗಡಿಯಿತ್ತು. ಎಲ್ಲ ಸಭೆಗಳಲ್ಲಿಯೂ ಹೀಗೆಯೇ ಎಂದು ಸಾಮಾನ್ಯೀಕರಿಸುವಂತಿಲ್ಲ. ತಾಳಿ, ಬಳೆಗಳ ವಿಷಯದಲ್ಲಿ ಸಭೆಯಿಂದ ಸಭೆಗೆ ವ್ಯತ್ಯಾಸವಿದೆ. ಆದರೂ ನಾಲಗೆಗೆ ಇರುವ ಸ್ವಾತಂತ್ರ್ಯ ಮುಡಿಗೆ ಇಲ್ಲವೆಂಬುದು ನನ್ನ ಅನುಭವಕ್ಕೆ ಬಂದ ಮಾತು.

5. ಭಯದ ಕಾವಲು

ಈ ಚರ್ಚೆ ಇಲ್ಲಿಗೇ ನಿಂತರೆ ಅನ್ಯಾಯವಾಗುತ್ತದೆ. ಅದೇ ಕೂಟದಲ್ಲಿ ನನ್ನನ್ನು ಮೊದಲು ಕೇಳಿದ್ದು ಹೂವಿನ ವಿಷಯವಲ್ಲ. ಯಾರು ಕರೆದರು, ಯಾಕೆ ಬಂದಿರಿ ಎಂದು. ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಕುಂಕುಮಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆಗಳಲ್ಲಿ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗವು 2011ರಲ್ಲಿ ಅಂತಿಮ ವರದಿ ನೀಡಿತು. 2022ರಲ್ಲಿ ರಾಜ್ಯದಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯ್ದೆ ಬಂದಿತು. ಅದನ್ನು ಹಿಂಪಡೆಯಲು ಸಚಿವ ಸಂಪುಟವು 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಇಂಥ ಕಾಲದಲ್ಲಿ, ಬಾಡಿಗೆ ಕೋಣೆಯಲ್ಲಿ ಸೇರುವ ಸಣ್ಣ ಗುಂಪೊಂದು ಅಪರಿಚಿತ ಮುಖವನ್ನು ಅನುಮಾನದಿಂದ ನೋಡಿದರೆ ಅದನ್ನು ಸಂಕುಚಿತತೆ ಎನ್ನುವ ಮೊದಲು ಯೋಚಿಸಬೇಕು. ಆತ್ಮಶುದ್ಧಿಗಾಗಿ ಇಟ್ಟ ಕಾವಲು ಮತ್ತು ಪ್ರಾಣಭಯದಿಂದ ಇಟ್ಟ ಕಾವಲು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಅವೆರಡನ್ನೂ ಬೇರ್ಪಡಿಸಿ ನೋಡುವುದು ಸಂಶೋಧಕರ ಕರ್ತವ್ಯ.

ಭಯದ ಕಾವಲನ್ನು ತೆಗೆಯುವ ಹೊಣೆ ಹೊರಗಿನ ಸಮಾಜದ್ದು. ಶುದ್ಧಿಯ ಕಾವಲನ್ನು ಮರುಪರಿಶೀಲಿಸುವ ಹೊಣೆ ಸಭೆಗಳದು. ಅದಕ್ಕೆ ಬೇಕಾದ ಆಧಾರ ಅವರ ಗ್ರಂಥದಲ್ಲಿಯೇ ಇದೆ. ಬಂದವರ ವೇಷವನ್ನು ತಿದ್ದುವ ಮೊದಲು ತನ್ನ ನಾಲಗೆಯನ್ನು ಬದಲಿಸಿಕೊಂಡ ಸಭೆಯೇ ಪಂಚಾಶತ್ತಮದ ಸಭೆ. ಇನ್ನು ಜಾನಪದ ಅಧ್ಯಯನದ ಮಾತು. ಕಲ್ಯಾಣದ ಬಾಗಿಲಲ್ಲಿ ತಡೆಯಲ್ಪಟ್ಟವರನ್ನು ಕುರಿತು ಪುಟಗಟ್ಟಲೆ ಬರೆದ ನಾವು, ನಮ್ಮ ಬೀದಿಯ ಈ ಪ್ರಾರ್ಥನಾ ಕೋಣೆಗಳನ್ನು ನಮ್ಮ ಶಿಸ್ತಿನ ಹೊಸ್ತಿಲ ಹೊರಗೆ ನಿಲ್ಲಿಸಿದ್ದೇವೆ. ವೇಷ ನೋಡಿ ಬಾಗಿಲು ಹಾಕಿದವರಲ್ಲಿ ನಾವೂ ಸೇರಿದ್ದೇವೆ.