ಕಾದರ್ ಮಿಯಾನ ಹಸಿವು ಯಾವ ಲೆಕ್ಕಕ್ಕೆ?

ಅಮರ್ತ್ಯ ಸೇನ್ ಅವರನ್ನು ನಾವು ಓದತೊಡಗಿದ್ದು ಅರ್ಥಶಾಸ್ತ್ರದ ಮೇಲಿನ ಮೋಹದಿಂದಲ್ಲ, ಒಬ್ಬ ಕೂಲಿಯ ಕಥೆಯಿಂದ. ಅದು 1944ರ ಕೋಮುಗಲಭೆಯ ಕಾಲ. ಢಾಕಾದಲ್ಲಿ ಬಾಲಕ ಸೇನ್ ಇದ್ದ ಮನೆಯಂಗಳಕ್ಕೆ ಕಾದರ್ ಮಿಯಾ ಎಂಬ ದಿನಗೂಲಿ ಚೂರಿಯಿರಿತದ ಮೈಯಲ್ಲಿ ರಕ್ತ ಸುರಿಸುತ್ತ ಬಂದ. ಆ ಕಡೆ ಹೋಗಬೇಡಿ ಎಂದು ಹೆಂಡತಿ ತಡೆದಿದ್ದಳು. ಮನೆಯಲ್ಲಿ ಕೂಳಿರಲಿಲ್ಲ, ಹೋದ, ಸತ್ತ.

2006ರ 'ಐಡೆಂಟಿಟಿ ಅಂಡ್ ವಯಲೆನ್ಸ್' ಕೃತಿಯಲ್ಲೂ ಸೇನ್ ಈ ಸಾವಿಗೆ ಮರಳುತ್ತಾರೆ. ಇದನ್ನು ಬರೀ ಕೋಮುದ್ವೇಷದ ಕಥೆಯೆಂದು ಓದಿ ನಿಟ್ಟುಸಿರು ಬಿಡುವುದು ನಮ್ಮವರ ರೂಢಿ. ಸೇನ್ ಅಷ್ಟಕ್ಕೇ ಬಿಡುವುದಿಲ್ಲ. ಗಲಭೆಯ ದಿನ ಬಾಗಿಲು ಹಾಕಿಕೊಂಡು ಕೂರುವ ಸ್ವಾತಂತ್ರ್ಯ ಉಳ್ಳವನಿಗಿತ್ತು, ಕಾದರ್ ಮಿಯಾನಿಗಿರಲಿಲ್ಲ.

ಹಿಂದಿನ ವರ್ಷವಷ್ಟೇ ಬಂಗಾಳದಲ್ಲಿ ಭೀಕರ ಕ್ಷಾಮ. 1981ರ 'ಪಾವರ್ಟಿ ಅಂಡ್ ಫ್ಯಾಮೀನ್ಸ್'ನಲ್ಲಿ ಸೇನ್ ಅದರ ಲೆಕ್ಕ ಬಿಡಿಸಿಟ್ಟರು. 1943ರಲ್ಲಿ ಆಹಾರಧಾನ್ಯ 1941ಕ್ಕಿಂತ ಕಡಿಮೆಯೇನೂ ಇರಲಿಲ್ಲ. ಆದರೆ 1941ರಲ್ಲಿ ಕ್ಷಾಮವಿಲ್ಲ, 1943ರ ಕ್ಷಾಮಕ್ಕೆ ಅವರ ಅಂದಾಜಿನಂತೆ ಸುಮಾರು 30 ಲಕ್ಷ ಜನ ಬಲಿ. ಯುದ್ಧದ ಖರ್ಚು ಅಕ್ಕಿಯ ಬೆಲೆಯನ್ನು ಏರಿಸಿತು. ಕೃಷಿಕೂಲಿ, ಮೀನುಗಾರ, ಕ್ಷೌರಿಕ, ಇವರ ಸಂಪಾದನೆ ಅದರ ಹಿಂದೆ ಓಡಲಾರದೆ ಕುಸಿಯಿತು. ಕಲ್ಕತ್ತೆಯಲ್ಲಿ ಯುದ್ಧಕ್ಕೆ ಬೇಕಾದ ಕೈಗಾರಿಕೆಗಳ ನೌಕರರಿಗೆ ಸರಕಾರ ಅಗ್ಗದ ಅಕ್ಕಿ ಕೊಟ್ಟಿತು. ಹಳ್ಳಿಯವರು ಅದೇ ಕಲ್ಕತ್ತೆಯ ಬೀದಿಗೆ ಬಂದು ಪ್ರಾಣ ಬಿಟ್ಟರು.

ಸೇನ್ ಅವರೊಂದಿಗೆ ನಮ್ಮ ತಕರಾರಿರುವುದು ಇಲ್ಲಿಯೇ. ಬ್ರಿಟಿಷ್ ಆಡಳಿತಕ್ಕೆ ಧಾನ್ಯದ ಅಂದಾಜು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಕ್ಷಾಮದ ಬಗೆಗಿನ ಅದರ ಸಿದ್ಧಾಂತ ತಪ್ಪಿತ್ತು ಎನ್ನುತ್ತಾರೆ ಅವರು. ಮೂವತ್ತು ಲಕ್ಷ ಹೆಣಗಳ ಮುಂದೆ ಇದು ತೀರಾ ಮೃದುವಾದ ಮಾತು. ಯಾರ ಹೊಟ್ಟೆ ಮೊದಲು ತುಂಬಬೇಕೆಂದು ಒಂದು ಕೈ ಪಟ್ಟಿ ಬರೆದಿತ್ತಲ್ಲ! ಅದು ಲೆಕ್ಕದ ತಪ್ಪಲ್ಲ, ಆಯ್ಕೆ.

ಕನ್ನಡದಲ್ಲಿ ಸರಕಾರದ ಧೋರಣೆಗೂ ನಡತೆಯ ಮೌಲ್ಯಕ್ಕೂ 'ನೀತಿ' ಎಂಬ ಒಂದೇ ಪದ ಸಾಕು. ಮೇಷ್ಟ್ರು ಹೇಳುವ ನೀತಿಯೇ ಬೇರೆ, ಆರ್ಥಿಕ ನೀತಿಯೇ ಬೇರೆ ಎಂದು ನಮಗೆ ಕಲಿಸಿದ್ದು ಅರ್ಥಶಾಸ್ತ್ರದ ಪಠ್ಯಗಳು. 2009ರ 'ದಿ ಐಡಿಯಾ ಆಫ್ ಜಸ್ಟಿಸ್'ನಲ್ಲಿ ಸೇನ್ ನೀತಿ ಮತ್ತು ನ್ಯಾಯವನ್ನು ಬೇರ್ಪಡಿಸುತ್ತಾರೆ. ನಿಯಮ, ಸಂಸ್ಥೆಗಳು ಸರಿಯಿವೆಯೇ ಎಂದು ನೋಡುವುದು ನೀತಿ, ಅವುಗಳಡಿ ಜನರ ಬದುಕು ಏನಾಯಿತು ಎಂದು ಕೇಳುವುದು ನ್ಯಾಯ. ಕಲ್ಕತ್ತೆಯ ಪಟ್ಟಿಗೆ ಹಾಕಬೇಕಾದ ಪ್ರಶ್ನೆ ಈ ಎರಡನೆಯದೇ. ಅದನ್ನು ಕೊನೆಗೂ ಕೈಗಿತ್ತವರು ಸೇನ್ ಅವರೇ ಎಂಬುದನ್ನು ನಾವು ಒಪ್ಪಬೇಕು.

2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಬಂದಾಗ, ಅಗ್ಗದ ಅಕ್ಕಿ ಬಡವರನ್ನು ಸೋಮಾರಿಗಳನ್ನಾಗಿಸುತ್ತದೆ ಎಂದು ಗೊಣಗಿದವರಲ್ಲಿ ಓದಿದವರಿಗೇನೂ ಕೊರತೆ ಇರಲಿಲ್ಲ. 1998ರಲ್ಲಿ ಸೇನ್ ಅವರಿಗೆ ನೊಬೆಲ್ ಬಂದಾಗ ಅವರೂ ನಮ್ಮಂತೆಯೇ ಹೆಮ್ಮೆಪಟ್ಟಿರಬೇಕು.